ಉಸಿರನ್ನು ಪರೀಕ್ಷಿಸಿದ ಹಾಲ್ಡೇನರು

ಜಗಳೂರು ಸೀಮೆಯಲ್ಲಿರುವ ನನ್ನ ತಾಯಿಯ ತವರುಮನೆಯ ಮುಂದೆ, ನಾನು ಹುಡುಗನಾಗಿದ್ದ ಕಾಲದಲ್ಲಿ, ಒಂದು ಹಗೇವು ಇದ್ದಿತು. ಪಟ್ಟಣದ ವಾಚಕರಲ್ಲಿ ಹಲವರು ಹಗೇವನ್ನು ಕಂಡಿರಲಾರರು. ಹೂಜಿಯ ಆಕಾರದಲ್ಲಿ ನೆಲದೊಳಗೆ ತೋಡಿದ ಕಣಜವದು. ಬಾಯಿ ಕಿರಿದು, ಒಡಲು ಹಿರಿದು. ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ಬಹುಕಾಲ ಹುಳು ಹಿಡಿಯದೆ ಉಳಿಯುತ್ತಿತ್ತು. ಹಗೇವು ತೆಗೆಯುವ ದಿನ ನಮ್ಮ ಅಜ್ಜ ಯಾರನ್ನೂ ಕೂಡಲೆ ಒಳಗಿಳಿಯಗೊಡುತ್ತಿರಲಿಲ್ಲ. ಚಪ್ಪಡಿ ಸರಿಸಿ, ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಮೆಲ್ಲನೆ ಇಳಿಬಿಡುತ್ತಿದ್ದರು. ಕಂದೀಲು ತಳ ಮುಟ್ಟಿಯೂ ಉರಿಯುತ್ತಿದ್ದರೆ ಆಳು ಇಳಿಯುವನು; ನಡುವೆ ಆರಿದರೆ ಇನ್ನೊಂದು ದಿನ ಕಾಯುವುದು. ಆಳು ಇಳಿದ ಮೇಲೆಯೂ ಅಜ್ಜ ಹಗೇವಿನ ಬಾಯಿ ಬಿಟ್ಟು ಕದಲುತ್ತಿರಲಿಲ್ಲ. ಬುಟ್ಟಿ ಮೇಲೆ ಬಂದ ಪ್ರತಿಯೊಂದು ಸಲವೂ ಒಳಗಿನವನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಉತ್ತರ ಬಾರದೆ ಬುಟ್ಟಿ ಮರಳಿ ಇಳಿಯುತ್ತಿರಲಿಲ್ಲ.

ಈ ನೆನಪು ಇಷ್ಟು ವರ್ಷಗಳ ಮೇಲೆ ನನಗೆ ಮರುಕಳಿಸಿದುದು ಹಗೇವಿನಿಂದಲ್ಲ, ಸಮುದ್ರದಿಂದ. ಹೊನ್ನಾಳಿಗೆ ಕೊಟ್ಟಿರುವ ನನ್ನ ಅಕ್ಕನ ಮಗನೊಬ್ಬನಿದ್ದಾನೆ. ತುಂಗಭದ್ರೆಯಲ್ಲಿ ಈಜಿ ಬೆಳೆದ ಹುಡುಗ. ಹೊಳೆಯ ದಂಡೆಯಲ್ಲಿ ಹರಿಗೋಲನ್ನು ಬೋರಲು ಹಾಕಿ ಅದರ ತಳಕ್ಕೆ ಡಾಂಬರು ಬಳಿಯುವುದನ್ನು ಅವನೂ ನೋಡಿದ್ದಾನೆ, ನಾನೂ ನೋಡಿದ್ದೇನೆ. ಹರಿಗೋಲಾದರೆ ಮಗುಚಿ ತಳ ಕಾಣಬಹುದು. ಸಮುದ್ರದ ಯಾಂತ್ರಿಕ ದೋಣಿಯನ್ನು ಮಗುಚುವಂತಿಲ್ಲ. ಉಪ್ಪುನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಕೆಲವೇ ವಾರಗಳಲ್ಲಿ ಪಾಚಿ ಕಟ್ಟುತ್ತದೆ. ಪಾಚಿಯ ಮೇಲೆ ಸುಣ್ಣದಂತೆ ಗಟ್ಟಿಯಾದ ಸಣ್ಣ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ದೋಣಿ ಭಾರವಾಗುತ್ತದೆ, ನಡೆ ಕುಂದುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ. ಮಳೆಗಾಲದ ಮೀನುಗಾರಿಕೆಯ ನಿಷೇಧದಲ್ಲಿ, ಜೂನ್ 1ರಿಂದ ಜುಲೈ 31ರ ವರೆಗೆ, ದೋಣಿಗಳನ್ನು ದಡಕ್ಕೆಳೆದು ಹೆರೆಯಲು ಅವಕಾಶವುಂಟು. ಉಳಿದ ತಿಂಗಳುಗಳಲ್ಲಿ ಮನುಷ್ಯನೇ ನೀರಿಗಿಳಿದು ತಳವನ್ನು ಹೆರೆಯಬೇಕು. ಕರಾವಳಿಯ ಒಂದು ಬಂದರಿನಲ್ಲಿ ನನ್ನ ಸೋದರಳಿಯನು ಎರಡು ವರ್ಷಗಳಿಂದ ಆ ಕೆಲಸದಲ್ಲಿದ್ದಾನೆ.

ಅವನ ಉಸಿರಿಗೆ ಆಧಾರವಾದ ಯಂತ್ರವು ಒಂದು ಕೊಡಪಾನಕ್ಕಿಂತ ಬಹಳ ದೊಡ್ಡದಲ್ಲ. ಪೆಟ್ರೋಲಿನ ಸಣ್ಣ ಎಂಜಿನ್ನೊಂದು ಸಣ್ಣ ಕಂಪ್ರೆಸರನ್ನು ತಿರುಗಿಸುತ್ತದೆ; ಕಂಪ್ರೆಸರಿನಿಂದ ಹೊರಟ ಗಾಳಿ ಉದ್ದನೆಯ ರಬ್ಬರು ಕೊಳವೆಯಲ್ಲಿ ನೀರಿಗಿಳಿದು, ಮುಳುಗಿದವನು ಹಲ್ಲಿನಲ್ಲಿ ಕಚ್ಚಿ ಹಿಡಿದ ತುಂಡಿನ ಮೂಲಕ ಅವನ ಎದೆಯನ್ನು ಸೇರುತ್ತದೆ. ಕೊಳವೆಯ ರೂಪದಿಂದಲೋ ಏನೋ, ಆ ವೃತ್ತಿಯವರು ಇದನ್ನು ಹುಕ್ಕಾ ಎಂದೇ ಕರೆಯುತ್ತಾರೆ. ಬೆನ್ನ ಮೇಲೆ ಸಿಲಿಂಡರು ಹೊರುವ ಕಷ್ಟವಿಲ್ಲ, ಬೆಲೆಯೂ ಕಡಿಮೆ.

ಕಳೆದ ಮಳೆಗಾಲದಲ್ಲಿ ಹುಡುಗನು ಊರಿಗೆ ಬಂದವನು ಚನ್ನಗಿರಿಗೆ ನನ್ನನ್ನು ಕಾಣಲು ಬಂದನು. ಕೈಯಲ್ಲಿ ಆ ಯಂತ್ರದ ಜತೆಗೆ ಬಂದಿದ್ದ ಇಂಗ್ಲಿಷ್ ಕೈಪಿಡಿ. ತನ್ನೊಡನೆ ದುಡಿಯುವವರು ಯಾರೂ ಅದನ್ನು ಓದಲಾರರು, ಮಾವ ಕಾಲೇಜಿನಲ್ಲಿ ಪಾಠ ಹೇಳುವವರು, ಕನ್ನಡಕ್ಕೆ ತಂದುಕೊಡಬೇಕು ಎಂಬುದು ಅವನ ಕೋರಿಕೆ. ಮಾತಿನ ನಡುವೆ ಅವನು ಇನ್ನೊಂದನ್ನೂ ಹೇಳಿದನು. ಕೆಲವು ದಿನ ನೀರಿನಿಂದ ಮೇಲೆ ಬಂದಾಗ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಒಮ್ಮೆಯಂತೂ ಹೆರೆಯುವ ಉಳಿಯನ್ನು ಹಿಡಿಯಲು ಬೆರಳುಗಳಿಗೆ ಬಲವಿರಲಿಲ್ಲ. ಉಪ್ಪುನೀರಿನ ದೋಷ, ಬರಿಹೊಟ್ಟೆಯ ದೋಷ ಎಂದು ಅವನು ನಕ್ಕನು. ನಾನೂ ಹಾಗೆಯೇ ತಿಳಿದು ಸುಮ್ಮನಾದೆ. ಆದರೆ ಕೈಪಿಡಿಯನ್ನು ತೆರೆದಾಗ ಮೊದಲ ಪುಟದಲ್ಲಿಯೇ, ಗಾಳಿಯನ್ನು ಒಳಗೆಳೆಯುವ ಬಾಯಿಯು ಎಂಜಿನ್ನಿನ ಹೊಗೆಯ ಬಾಯಿಯಿಂದ ದೂರವಿರಬೇಕೆಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿತ್ತು. ಏಕೆ ದೂರವಿರಬೇಕು? ಭಾಷೆಯ ಅಧ್ಯಾಪಕನಾದ ನನಗೆ ಅರ್ಥ ತಿಳಿಯದೆ ಭಾಷಾಂತರಿಸುವುದು ಸಾಧ್ಯವಾಗಲಿಲ್ಲ. ಆ ಏಕೆ ಎಂಬುದನ್ನು ಅರಸುತ್ತ ಹೋದ ನನಗೆ ದಾರಿಯುದ್ದಕ್ಕೂ ಎದುರಾದವರು ಒಬ್ಬರೇ ಮಹನೀಯರು. ಅವರು ಡಾಕ್ಟರ್ ಜಾನ್ ಸ್ಕಾಟ್ ಹಾಲ್ಡೇನರು.

ಹಾಲ್ಡೇನರು 1860ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದರು. ಮನೆತನ ಹಳೆಯದು, ಅನುಕೂಲವಾದುದು. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರೂ ಆದರು. ತಂಗಿ ಎಲಿಜಬೆತ್ ಲೇಖಕಿಯೆಂದು ಹೆಸರು ಪಡೆದರು. ತಾಯಿಯ ಸೋದರ ಬರ್ಡನ್ ಸ್ಯಾಂಡರ್ಸನ್ನರು ಆಕ್ಸ್‌ಫರ್ಡಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರು. ಎಡಿನ್‌ಬರೋದಲ್ಲಿಯೂ ಜರ್ಮನಿಯ ಯೇನಾದಲ್ಲಿಯೂ ಓದಿ, 1884ರಲ್ಲಿ ವೈದ್ಯ ಪದವಿ ಪಡೆದ ತರುಣ ಹಾಲ್ಡೇನರು ಸುಖವಾಗಿ ವೈದ್ಯವೃತ್ತಿ ನಡೆಸಿಕೊಂಡಿರಬಹುದಾಗಿತ್ತು. ಅವರು ಆರಿಸಿಕೊಂಡುದು ಬೇರೆಯ ದಾರಿ. ಮನುಷ್ಯನು ಉಸಿರಾಡುವ ಗಾಳಿ ಎಂಥದು, ಕೆಟ್ಟ ಗಾಳಿ ಎಂದರೆ ಏನು ಕೆಟ್ಟಿರುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಅವರು ಐವತ್ತು ವರ್ಷ ದುಡಿದರು.

ಮೊದಲ ಕೆಲಸ ಡಂಡೀ ನಗರದ ಬಡವರ ಮನೆಗಳಲ್ಲಿ. ಕಾರ್ನೆಲಿ ಮತ್ತು ಆಂಡರ್ಸನ್ ಎಂಬ ಸಹೋದ್ಯೋಗಿಗಳೊಡನೆ ಅವರು ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಮನೆಗಳಿಗೆ ಹೋಗಿ ಗಾಳಿಯ ಮಾದರಿಗಳನ್ನು ಸೀಸೆಗಳಲ್ಲಿ ತುಂಬಿಕೊಂಡು ಬಂದರು; ಶಾಲೆಗಳ ಗಾಳಿಯನ್ನೂ ಅಳೆದರು. 1887ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದೇ ಸುಮಾರಿಗೆ ಲಂಡನ್ನಿನ ಪಾರ್ಲಿಮೆಂಟು ಭವನದ ಕೆಳಗಿನ ಚರಂಡಿಗಳಲ್ಲಿಯೂ ಇಳಿದು ಗಾಳಿಯನ್ನು ಪರೀಕ್ಷಿಸಿದರು. ಜನ ಭಾವಿಸಿದ್ದಷ್ಟು ಚರಂಡಿಯ ಗಾಳಿ ಕೆಟ್ಟಿರಲಿಲ್ಲ. ಸೂಕ್ಷ್ಮಜೀವಿಗಳು ಅಲ್ಲಿ ಹೊರಗಿನ ಗಾಳಿಗಿಂತ ಕಡಿಮೆಯೇ ಇದ್ದುವು. ದುರ್ನಾತವಿದ್ದಲ್ಲೆಲ್ಲ ವಿಷವಿರುತ್ತದೆಂದೂ ನಾತವಿಲ್ಲದಲ್ಲಿ ಅಪಾಯವಿಲ್ಲವೆಂದೂ ತಿಳಿಯುವುದು ತಪ್ಪು. ಮೂಗು ನಂಬತಕ್ಕ ಸಾಕ್ಷಿಯಲ್ಲ ಎಂಬ ಈ ಪಾಠ ಅವರ ಮುಂದಿನ ಜೀವನಕ್ಕೆಲ್ಲ ತಳಹದಿಯಾಯಿತು.

1887ರಲ್ಲಿ ಆಕ್ಸ್‌ಫರ್ಡಿಗೆ ಬಂದ ಮೇಲೆ ಅವರ ಗಮನ ಕಲ್ಲಿದ್ದಲ ಗಣಿಗಳತ್ತ ತಿರುಗಿತು. ಗಣಿಯ ಹಳೆಯ ಸುರಂಗಗಳಲ್ಲಿ ಕಟ್ಟಿಕೊಳ್ಳುವ ಒಂದು ಬಗೆಯ ಗಾಳಿಯಲ್ಲಿ ದೀಪ ಆರುತ್ತಿತ್ತು, ಮನುಷ್ಯ ಬೀಳುತ್ತಿದ್ದನು. ಅದು ಆಮ್ಲಜನಕ ಕಳೆದುಹೋಗಿ ಸಾರಜನಕವೂ ಇಂಗಾಲಾಮ್ಲ ಅನಿಲವೂ, ಎಂದರೆ ಇಂಗಾಲದ ಡೈಆಕ್ಸೈಡೂ, ಉಳಿದ ಗಾಳಿಯೆಂದು ಹಾಲ್ಡೇನರು ವಿಶ್ಲೇಷಿಸಿ ತೋರಿಸಿದರು. ಸಾಮಾನ್ಯ ಗಾಳಿಯಲ್ಲಿ ನೂರಕ್ಕೆ 21 ಪಾಲಿನಷ್ಟಿರುವ ಆಮ್ಲಜನಕವು 17ರ ಸುಮಾರಿಗೆ ಇಳಿದಾಗ ದೀಪ ಆರುತ್ತದೆ. ಮನುಷ್ಯನು ಇನ್ನೂ ಸ್ವಲ್ಪ ಕಾಲ ತಾಳಿಕೊಳ್ಳುತ್ತಾನೆ. ಆದ್ದರಿಂದಲೇ ದೀಪವು ಮನುಷ್ಯನಿಗಿಂತ ಮುಂಚೆ ಸಾಯುವ ಮಿತ್ರ. ಇದನ್ನು ಓದುತ್ತಿದ್ದಾಗ ನನಗೆ ಜಗಳೂರಿನ ಹಗೇವು ಕಣ್ಣ ಮುಂದೆ ಬಂದಿತು. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಆಮ್ಲಜನಕವನ್ನು ತೀರಿಸಿಬಿಡುತ್ತದೆ. ಹುಳುವನ್ನು ಕೊಂದು ಜೋಳವನ್ನು ಕಾಯುವ ಆ ಗಾಳಿಯೇ ಆಳನ್ನೂ ಕೊಲ್ಲಬಲ್ಲುದು. ಅಜ್ಜನ ಕಂದೀಲಿನ ಹಿಂದಿದ್ದ ತರ್ಕ ಇದು.

ಮಗನಿಗೆ ಅವರು ಪಾಠ ಕಲಿಸಿದ ರೀತಿಯೂ ಇಂಥದೇ. ಮಗ ಜೆ. ಬಿ. ಎಸ್. ಹಾಲ್ಡೇನ್ ಹುಟ್ಟಿದುದು 1892ರಲ್ಲಿ. ಹುಡುಗನನ್ನು ಒಮ್ಮೆ ಗಣಿಯೊಳಕ್ಕೆ ಕರೆದೊಯ್ದು, ಚಾವಣಿಯ ಬಳಿ ಮೀಥೇನ್ ಅನಿಲ ಕಟ್ಟಿದ್ದ ಕಡೆ ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಹೇಳೆಂದರು. ಕೆಲವು ಸಾಲುಗಳೊಳಗೆ ಹುಡುಗನಿಗೆ ಏದುಸಿರು ಬಂದು, ಕಾಲು ಸೋತು ನೆಲಕ್ಕೆ ಬಿದ್ದನು. ನೆಲದಲ್ಲಿ ಗಾಳಿ ಚೆನ್ನಾಗಿತ್ತು, ಬಿದ್ದವನು ಚೇತರಿಸಿಕೊಂಡನು. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬುದನ್ನು ಆತನು ಬಾಳಿನಲ್ಲಿ ಮತ್ತೆ ಮರೆಯಲಿಲ್ಲ. ಇಂದಿನ ತಂದೆಯರು ಈ ವಿಧಾನವನ್ನು ಮೆಚ್ಚಲಾರರು. ಆದರೆ ಮಗನನ್ನು ಒಡ್ಡಿದ್ದಕ್ಕಿಂತ ಹೆಚ್ಚಿನ ಅಪಾಯಕ್ಕೆ ಹಾಲ್ಡೇನರು ತಮ್ಮನ್ನು ತಾವೇ ಒಡ್ಡಿಕೊಂಡಿದ್ದರು.

ಆ ಅಪಾಯದ ಹೆಸರು ಇಂಗಾಲದ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಂಧನ ಪೂರ್ತಿಯಾಗಿ ಉರಿಯದಲ್ಲೆಲ್ಲ ಇದು ಹುಟ್ಟುತ್ತದೆ. ರಕ್ತದ ಕೆಂಪು ವಸ್ತುವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿದ ಮೇಲೆ ಆಮ್ಲಜನಕಕ್ಕೆ ಸ್ಥಳವಿಲ್ಲ. 1895ರಲ್ಲಿ ಹಾಲ್ಡೇನರು ಈ ವಿಷವನ್ನು ಅಳತೆಮಾಡಿ ತಾವೇ ಸೇವಿಸಿದರು. ಕುಳಿತು ಉಸಿರೆಳೆಯುತ್ತ, ಆಗಾಗ ತಮ್ಮ ರಕ್ತವನ್ನು ತೆಗೆದು ಪರೀಕ್ಷಿಸುತ್ತ, ತಮ್ಮ ಲಕ್ಷಣಗಳನ್ನು ತಾವೇ ಬರೆದಿಟ್ಟರು. ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ವಿಷದಿಂದ ತುಂಬುವವರೆಗೂ ನಿಲ್ಲಿಸಲಿಲ್ಲ. ಸುಮ್ಮನೆ ಕುಳಿತವನಿಗೆ ಹೆಚ್ಚಿನ ಬಾಧೆ ತಿಳಿಯುವುದಿಲ್ಲ. ಎದ್ದು ನಡೆಯಹೋದಾಗ ಕಾಲು ನಿಲ್ಲುವುದಿಲ್ಲ, ಕಣ್ಣು ಮಂಜಾಗುತ್ತದೆ, ಬುದ್ಧಿ ತೂಗಾಡುತ್ತದೆ. ತನ್ನ ಬುದ್ಧಿ ತೂಗಾಡುತ್ತಿದೆಯೆಂಬುದು ಮಾತ್ರ ಅವನಿಗೆ ಗೊತ್ತಾಗುವುದಿಲ್ಲ. ಈ ಭಾಗವನ್ನು ಓದಿ ನಾನು ಪುಸ್ತಕವನ್ನು ಕೆಳಗಿಟ್ಟೆ. ಉಳಿಯನ್ನು ಹಿಡಿಯಲಾರದೆ ಹೋದ ಬೆರಳುಗಳು ನೆನಪಾದುವು.

ಮರುವರ್ಷವೇ ಆ ಪರೀಕ್ಷೆಯ ಬೆಲೆ ಲೋಕಕ್ಕೆ ತಿಳಿಯಿತು. 1896ರ ಜನವರಿ 27ರಂದು ವೇಲ್ಸಿನ ಟೈಲರ್ಸ್‌ಟೌನ್ ಗಣಿಯಲ್ಲಿ ಆಸ್ಫೋಟವಾಗಿ 57 ಮಂದಿ ಸತ್ತರು. ಹಾಲ್ಡೇನರು ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ಸತ್ತವರಲ್ಲಿ ಬಹುಮಂದಿಯ ಮೈಬಣ್ಣ ಬದುಕಿರುವವರಂತೆ ಕೆಂಪಾಗಿತ್ತು. ಅದು ಮಾನಾಕ್ಸೈಡಿನ ಗುರುತು. ಹೆಚ್ಚಿನವರು ಆಸ್ಫೋಟದ ಬೆಂಕಿಗೆ ಬಲಿಯಾದವರಲ್ಲ, ಅನಂತರ ಸುರಂಗಗಳಲ್ಲಿ ಹರಡಿದ ವಿಷಗಾಳಿಗೆ ಬಲಿಯಾದವರು ಎಂದು ಅವರು ವರದಿ ಮಾಡಿದರು. ಹಾಗಾದರೆ ಅವರನ್ನು ಉಳಿಸಬಹುದಾಗಿತ್ತು ಎಂದಾಯಿತು. ಇಲ್ಲಿ ದೀಪದಿಂದ ಪ್ರಯೋಜನವಿಲ್ಲ. ಮಾನಾಕ್ಸೈಡು ಮನುಷ್ಯನನ್ನು ಕೊಲ್ಲುವ ಪ್ರಮಾಣದಲ್ಲಿದ್ದರೂ ದೀಪ ಶಾಂತವಾಗಿ ಉರಿಯುತ್ತಲೇ ಇರುತ್ತದೆ. ಆದಕಾರಣ ಹಾಲ್ಡೇನರು ಸಣ್ಣ ಪ್ರಾಣಿಗಳನ್ನು ಜತೆಗೊಯ್ಯಲು ಸೂಚಿಸಿದರು. ಇಲಿಗಾಗಲಿ ಪುಟ್ಟ ಹಕ್ಕಿಗಾಗಲಿ ಉಸಿರಾಟ ಬಹು ಚುರುಕಾದುದರಿಂದ ವಿಷ ಅವುಗಳಿಗೆ ಮನುಷ್ಯನಿಗಿಂತ ಬೇಗ ಏರುತ್ತದೆ. ಕ್ಯಾನರಿ ಹಕ್ಕಿಯು ಕೋಲಿನಿಂದ ಕೆಳಗೆ ಬಿದ್ದುದು ಎಲ್ಲರಿಗೂ ಕಾಣುತ್ತದೆ. ಅಷ್ಟರಲ್ಲಿ ಮನುಷ್ಯನು ಹಿಂತಿರುಗಬಹುದು. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳು 1986ರವರೆಗೂ ದುಡಿದುವು. ಅನಂತರ ಅವುಗಳ ಕೆಲಸವನ್ನು ವಿದ್ಯುತ್ ಮಾಪಕಗಳು ವಹಿಸಿಕೊಂಡುವು.

ನ್ಯಾಮತಿಯಲ್ಲಿ ನಮ್ಮ ಹುಡುಗನ ದೊಡ್ಡಪ್ಪ ಪಂಪುಸೆಟ್ಟು ದುರಸ್ತಿ ಮಾಡುತ್ತಾರೆ. ಈ ಸಂಗತಿಯನ್ನು ಅವರಲ್ಲಿ ಪ್ರಸ್ತಾಪಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನೀರು ಕೆಳಗಿಳಿದ ವರ್ಷಗಳಲ್ಲಿ ಡೀಸೆಲ್ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆಯ ಮೇಲೆಯೇ ಇಳಿಸಿ ನಡೆಸುವವರುಂಟು. ಹಾಗೆ ನಡೆಸಿದ ಬಾವಿಗೆ ಎಂಜಿನ್ ನಿಲ್ಲಿಸಲೆಂದು ಇಳಿದವನು ಮೇಲೆ ಬರುವುದಿಲ್ಲ, ಅವನನ್ನೆತ್ತಲು ಇಳಿದವನೂ ಬರುವುದಿಲ್ಲ ಎಂದು ಅವರು ಹೇಳಿದರು. ಅವರು ವಿಷದ ಹೆಸರನ್ನು ತಿಳಿದವರಲ್ಲ. ಎಂಜಿನ್ನಿನ ಉಸಿರೂ ಮನುಷ್ಯನ ಉಸಿರೂ ಒಂದೇ ಕುಣಿಯಲ್ಲಿರಕೂಡದು ಎಂಬ ನಿಯಮ ಮಾತ್ರ ಅವರಿಗೆ ಗೊತ್ತಿತ್ತು.

ಹಾಲ್ಡೇನರ ಕಥೆಗೆ ಮರಳೋಣ. 1905ರಲ್ಲಿ ಅವರೂ ಪ್ರೀಸ್ಟ್ಲಿ ಎಂಬ ಕಿರಿಯ ಸಂಗಡಿಗರೂ ಕೂಡಿ ಶರೀರಶಾಸ್ತ್ರದಲ್ಲಿ ಬಹು ಮುಖ್ಯವಾದ ಒಂದು ಸತ್ಯವನ್ನು ಕಂಡುಹಿಡಿದರು. ನಾವು ಎಷ್ಟು ಬೇಗ, ಎಷ್ಟು ಆಳವಾಗಿ ಉಸಿರಾಡಬೇಕೆಂಬುದನ್ನು ಸಾಮಾನ್ಯವಾಗಿ ಗೊತ್ತುಮಾಡುವುದು ಆಮ್ಲಜನಕದ ಕೊರತೆಯಲ್ಲ, ಶ್ವಾಸಕೋಶದಲ್ಲಿ ಉಳಿಯುವ ಇಂಗಾಲಾಮ್ಲದ ಒತ್ತಡ. ಅದು ಒಂದಿಷ್ಟು ಏರಿದರೂ ಮೆದುಳು ಉಸಿರನ್ನು ಹೆಚ್ಚಿಸಿ ಅದನ್ನು ಹೊರದೂಡುತ್ತದೆ. ವಿದ್ವಾಂಸರ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಜ್ಞಾನ ಆ ಹೊತ್ತಿಗೇ ಸಮುದ್ರದ ತಳಕ್ಕೆ ಇಳಿಯಿತು. ಬ್ರಿಟಿಷ್ ನೌಕಾಖಾತೆಯು ಆಳದ ಮುಳುಗಾಟವನ್ನು ಕುರಿತು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿ ಹಾಲ್ಡೇನರನ್ನು ಕರೆದುಕೊಂಡಿತು.

ಆ ಕಾಲದ ಮುಳುಗುಗಾರರು ತೊಡುತ್ತಿದ್ದುದು ಅಗಸ್ಟಸ್ ಸೀಬೆ ಎಂಬಾತನು 1837ರ ಸುಮಾರಿಗೆ ರೂಪಿಸಿದ ಬಗೆಯ ಉಡುಪು: ತಲೆಗೆ ತಾಮ್ರದ ಬುರುಡೆ, ಮೈಗೆ ರಬ್ಬರು ಬಟ್ಟೆ, ಮೇಲೆ ಹಡಗಿನಲ್ಲಿ ಕೈಯಿಂದ ತಿರುಗಿಸುವ ಪಂಪು. ಆಳಕ್ಕೆ ಹೋದಷ್ಟೂ ಅವರಿಗೆ ಏದುಸಿರು, ಸುಸ್ತು; ಹಲವರು ಕೆಲಸ ಮುಗಿಸದೆ ಮೇಲೆ ಬಂದುಬಿಡುತ್ತಿದ್ದರು. ನೀರಿನ ಭಾರವನ್ನು ದೂರುವುದು ವಾಡಿಕೆಯಾಗಿತ್ತು. ಹಾಲ್ಡೇನರು ಬುರುಡೆಯೊಳಗಿನ ಗಾಳಿಯನ್ನು ಪರೀಕ್ಷಿಸಿ ಕಾರಣವನ್ನು ಕಂಡರು. ಸಮುದ್ರದಲ್ಲಿ ಪ್ರತಿ 33 ಅಡಿ ಇಳಿದಾಗಲೂ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಒಂದು ಕೊಡದಷ್ಟಿದ್ದ ಗಾಳಿ 33 ಅಡಿಯಲ್ಲಿ ಅರ್ಧ ಕೊಡ, 66 ಅಡಿಯಲ್ಲಿ ಮೂರನೆಯ ಒಂದು ಕೊಡ. ಪಂಪು ಅದೇ ವೇಗದಲ್ಲಿ ತಿರುಗುತ್ತಿದ್ದರೆ ಬುರುಡೆಯಲ್ಲಿ ಇಂಗಾಲಾಮ್ಲ ಕೂಡಿಕೊಳ್ಳುತ್ತ ಹೋಗುತ್ತದೆ. ಆಳ ಹೆಚ್ಚಿದ ಪ್ರಮಾಣದಲ್ಲಿಯೇ ಗಾಳಿಯನ್ನೂ ಹೆಚ್ಚಿಸಬೇಕು ಎಂಬ ಸರಳ ನಿಯಮವನ್ನು ಅವರು ಕೊಟ್ಟರು. ಸುಸ್ತು ನೀರಿನದಾಗಿರಲಿಲ್ಲ, ಮೇಲಿನವರು ಕಳುಹಿಸುತ್ತಿದ್ದ ಗಾಳಿಯ ಕೊರತೆಯದಾಗಿತ್ತು.

ಎರಡನೆಯ ತೊಡಕು ಇನ್ನೂ ಘೋರವಾದುದು. ಆಳದಲ್ಲಿ ದುಡಿದವನು ಮೇಲೆ ಬಂದ ಮೇಲೆ ಕೀಲುಗಳು ಸೆಳೆದು ನರಳುತ್ತಿದ್ದನು, ಕೆಲವರಿಗೆ ಕೈಕಾಲು ಬಿದ್ದುಹೋಗುತ್ತಿದ್ದುವು, ಕೆಲವರು ಸಾಯುತ್ತಿದ್ದರು. ಗೋಲಿ ಸೋಡಾದ ಸೀಸೆಯನ್ನು ನೆನೆಯಿರಿ. ಗೋಲಿ ಒಳಗೆ ಬಿದ್ದೊಡನೆ, ಅಲ್ಲಿಯತನಕ ಕಾಣದಿದ್ದ ಅನಿಲ ಗುಳ್ಳೆಗಳಾಗಿ ನುಗ್ಗುತ್ತದೆ. ಒತ್ತಡದಲ್ಲಿ ದೇಹ ಹೀರಿಕೊಂಡ ಸಾರಜನಕವೂ ಹಾಗೆಯೇ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿದ್ದ ಉಕ್ಕಿನ ದೊಡ್ಡ ಕೋಠಿಯಲ್ಲಿ ಆಡುಗಳನ್ನಿಟ್ಟು ಒತ್ತಡವನ್ನು ಏರಿಸಿ ಇಳಿಸಿ ಅವರು ಪರೀಕ್ಷೆ ನಡೆಸಿದರು. ನೋವು ಬಂದ ಆಡು ಮುಂಗಾಲನ್ನು ಮಡಿಸಿ ಎತ್ತಿಕೊಳ್ಳುತ್ತಿತ್ತು. ಅದೇ ಅವರಿಗೆ ಸಾಕ್ಷಿ. ಒತ್ತಡವು ಅರ್ಧಕ್ಕಿಳಿಯುವವರೆಗೆ ದೇಹ ತಾಳಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಹಂತಹಂತವಾಗಿ, ನಡುನಡುವೆ ನಿಂತು ಮೇಲೇರಬೇಕು ಎಂದು ತಿಳಿದುಬಂದಿತು. 1906ರಲ್ಲಿ ಸ್ಕಾಟ್ಲೆಂಡಿನ ಕಡಲತೋಳುಗಳಲ್ಲಿ ನೌಕಾಪಡೆಯ ಲೆಫ್ಟಿನೆಂಟ್ ಡಾಮಾಂಟರೂ ಗನ್ನರ್ ಕ್ಯಾಟೋ ಅವರೂ ಈ ಕ್ರಮವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. 210 ಅಡಿಯ ಆಳ ಮುಟ್ಟಿ ಕ್ಷೇಮವಾಗಿ ಮರಳಿದರು. ಹದಿಮೂರು ವರ್ಷದ ಮಗನೂ ಆಗ ಮುಳುಗಿದನು. ದೊಡ್ಡವರ ಉಡುಪು ಸಡಿಲವಾಗಿ ತೋಳಿನಿಂದ ನೀರು ನುಗ್ಗಿದರೂ ಹೆದರಲಿಲ್ಲ. ಬಾಯ್ಕಟ್ ಮತ್ತು ಡಾಮಾಂಟರೊಡನೆ ಹಾಲ್ಡೇನರು 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಮುಳುಗುಗಾರರಿಗೆ ಪಂಚಾಂಗದಂತಾದುವು. ಮುಂದಿನವರು ಅವನ್ನು ಹಲವು ಬಾರಿ ತಿದ್ದಿದ್ದಾರೆ. ಹಂತಹಂತವಾಗಿ ಏರಬೇಕೆಂಬ ತತ್ತ್ವ ನಿಂತಿದೆ.

ಗಣಿಗೂ ಕಡಲಿಗೂ ಇರುವ ಈ ನಂಟು ಹಾಲ್ಡೇನರೊಬ್ಬರಲ್ಲಿಯೇ ಕಾಣುವುದಲ್ಲ. ನನ್ನ ಸೋದರಳಿಯನು ಹಲ್ಲಿನಲ್ಲಿ ಕಚ್ಚುವ ತುಂಡು, ಉಸಿರೆಳೆದಾಗ ಮಾತ್ರ ಗಾಳಿಯನ್ನು ಕೊಡುತ್ತದೆ. ಅಂಥ ಕವಾಟವನ್ನು 1860ರ ದಶಕದಲ್ಲಿ ರೂಪಿಸಿದ ರೂಕೇರೋಲನು ಫ್ರಾನ್ಸಿನ ಗಣಿ ಎಂಜಿನಿಯರು. ದೆನೇರೂಝ್ ಎಂಬ ನೌಕಾಧಿಕಾರಿ ಅದನ್ನು ಸಮುದ್ರಕ್ಕೆ ಹೊಂದಿಸಲು ಜತೆಗೂಡಿದನು. 1943ರಲ್ಲಿ ಕೂಸ್ತೋ ಮತ್ತು ಗಾನ್ಯಾಂ ಅದೇ ತತ್ತ್ವವನ್ನು ಬೆನ್ನಿನ ಸಿಲಿಂಡರಿಗೆ ಕೂಡಿಸಿದರು. ನೆಲದೊಳಗೆ ಇಳಿದವನೂ ನೀರೊಳಗೆ ಇಳಿದವನೂ ಒಂದೇ ಅವಸ್ಥೆಯವರು. ಇಬ್ಬರೂ ಬೇರೆಯವರು ಕೊಟ್ಟ ಗಾಳಿಯಲ್ಲಿ ಬದುಕಬೇಕಾದವರು.

ಹಾಲ್ಡೇನರ ಉಳಿದ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಕಾರ್ಮಿಕರನ್ನು ಬಿಳಿಚಿಸುತ್ತಿದ್ದ ರೋಗವು ಕೊಕ್ಕೆಹುಳುವಿನದೆಂದು ಗುರುತಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಪರ್ವತದ ನೆತ್ತಿಯಲ್ಲಿ, 14,000 ಅಡಿಗೂ ಮೇಲೆ, ಸಂಗಡಿಗರೊಡನೆ ವಾಸವಾಗಿದ್ದು ತೆಳುಗಾಳಿಗೆ ದೇಹ ಹೊಂದಿಕೊಳ್ಳುವ ಬಗೆಯನ್ನು ಅಳೆದರು. 1915ರ ಏಪ್ರಿಲ್ 22ರಂದು ಈಪ್ರ ರಣಭೂಮಿಯಲ್ಲಿ ಜರ್ಮನರು ವಿಷಗಾಳಿ ಬಿಟ್ಟಾಗ, ಐವತ್ತೈದರ ಹೊಸ್ತಿಲಲ್ಲಿದ್ದ ಅವರನ್ನು ಸರ್ಕಾರ ಫ್ರಾನ್ಸಿಗೆ ಕಳುಹಿಸಿತು. ಆ ಗಾಳಿ ಕ್ಲೋರಿನ್ ಎಂದು ಅವರು ಖಚಿತಪಡಿಸಿದರು. ಮುಖವಾಡಗಳನ್ನು ಪರೀಕ್ಷಿಸಲು ಮತ್ತೆ ತಾವೇ ಆ ವಿಷದೊಳಗೆ ನಿಂತರು. ಮುಂಚೂಣಿಯಲ್ಲಿದ್ದ ಮಗನೂ ಬಂದು ಆ ಪರೀಕ್ಷೆಯಲ್ಲಿ ಸೇರಿದನು. ವಿಪರ್ಯಾಸವೆಂದರೆ, ಅದೇ ಮೇ ತಿಂಗಳಲ್ಲಿ ಅಣ್ಣ ರಿಚರ್ಡರು ಜರ್ಮನರ ಪಕ್ಷಪಾತಿಯೆಂಬ ಅಪವಾದಕ್ಕೆ ಸಿಕ್ಕಿ ಮಂತ್ರಿಪದವಿ ಕಳೆದುಕೊಂಡರು. ತಮ್ಮನು ಕೆಲಸ ನಿಲ್ಲಿಸಲಿಲ್ಲ.

ಆಕ್ಸ್‌ಫರ್ಡಿನ ಶರೀರಶಾಸ್ತ್ರದ ಪ್ರಾಧ್ಯಾಪಕ ಪೀಠ ಅವರಿಗೆ ದೊರೆಯಲಿಲ್ಲ. ಬೇರೆಯ ಮನ್ನಣೆಗಳು ಬಂದುವು. 1897ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1934ರಲ್ಲಿ ಅದೇ ಸಂಸ್ಥೆಯ ಕಾಪ್ಲಿ ಪದಕ. ಜೀವವನ್ನು ಬರಿಯ ಯಂತ್ರವೆಂದು ಅವರು ಒಪ್ಪಲಿಲ್ಲ; ಆ ತತ್ತ್ವವನ್ನು ಕುರಿತೂ ಗ್ರಂಥಗಳನ್ನು ಬರೆದರು. ಎಪ್ಪತ್ತೈದರ ಇಳಿವಯಸ್ಸಿನಲ್ಲಿ ಪರ್ಷಿಯಾ ಮತ್ತು ಇರಾಕ್ ದೇಶಗಳಿಗೆ ಹೋಗಿ ಎಣ್ಣೆ ಕಾರ್ಖಾನೆಗಳ ಕೆಲಸಗಾರರಿಗೆ ಬಡಿಯುವ ಬಿಸಿಲಾಘಾತವನ್ನು ಅಭ್ಯಾಸಮಾಡಿ ಬಂದರು. ಅಲ್ಲಿಂದ ಮರಳಿದ ಬಳಿಕ ಶ್ವಾಸಕೋಶದ ಉರಿಯೂತ ತಗಲಿ, 1936ರ ಮಾರ್ಚ್ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಉಸಿರನ್ನು ಕುರಿತೇ ಬಾಳಿದವರನ್ನು ಉಸಿರಿನ ರೋಗವೇ ಕೊಂಡೊಯ್ದಿತು.

ಅವರ ಹಟವನ್ನು ಮಗ ಮುಂದುವರಿಸಿದನು. 1939ರ ಜೂನ್ 1ರಂದು ಥೀಟಿಸ್ ಎಂಬ ಸಬ್‌ಮರೀನು ಮುಳುಗಿ 99 ಮಂದಿ ಸತ್ತಾಗ, ಜೆ. ಬಿ. ಎಸ್. ಹಾಲ್ಡೇನರು ಉಕ್ಕಿನ ಕೋಠಿಯಲ್ಲಿ ತಾವೇ ಕುಳಿತು ಆ ಸಾವಿನ ಕಾರಣಗಳನ್ನು ಶೋಧಿಸಿದರು. 1957ರಲ್ಲಿ ಅವರು ನಮ್ಮ ದೇಶಕ್ಕೆ ಬಂದು ನೆಲಸಿ, ಭಾರತದ ಪ್ರಜೆಯಾಗಿ, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕಾಲವಾದರು. ದೇಹವನ್ನು ಕಾಕಿನಾಡದ ವೈದ್ಯ ಕಾಲೇಜಿಗೆ ಕೊಟ್ಟುಹೋದರು. ಗಣಿಯ ನೆಲದ ಮೇಲೆ ಬಿದ್ದು ಪಾಠ ಕಲಿತ ಹುಡುಗನು ನಮ್ಮ ನೆಲದಲ್ಲಿ ಬಾಳು ಮುಗಿಸಿದನೆಂಬುದು ನನಗೆ ಈ ಕಥೆಯನ್ನು ಹತ್ತಿರದ್ದನ್ನಾಗಿ ಮಾಡಿತು.

ಕೈಪಿಡಿಯ ಭಾಷಾಂತರ ಮುಗಿಯಿತು. ಮೂಲದ ಕ್ರಮವನ್ನು ನಾನು ಪಾಲಿಸಲಿಲ್ಲ. ಎಂಜಿನ್ ಹೊರಡಿಸುವ ವಿಧಾನಕ್ಕೆ ಮುಂಚೆ, ಗಾಳಿಯನ್ನೆಳೆಯುವ ಬಾಯಿ ಹೊಗೆಗಿಂತ ಎತ್ತರದಲ್ಲಿಯೂ ಗಾಳಿ ಬೀಸುವ ದಿಕ್ಕಿಗೆ ಎದುರಾಗಿಯೂ ಇರಬೇಕೆಂದು ಬರೆದೆ. ದೋಣಿ ತಿರುಗಿದರೆ ಗಾಳಿಯ ದಿಕ್ಕನ್ನು ಮತ್ತೆ ನೋಡಬೇಕೆಂದು ಬರೆದೆ. ಬಣ್ಣ ಹೊಡೆಯಲು ಬಳಸುವ ಎಣ್ಣೆಯ ಕಂಪ್ರೆಸರಿನ ಗಾಳಿಯನ್ನು ಉಸಿರಿಗೆ ಕೊಡಬಾರದು. ದೋಣಿಯ ತಳ ಎರಡಾಳುದ್ದವೇ ಇದ್ದರೂ ಉಸಿರು ಬಿಗಿಹಿಡಿದು ಮೇಲೇರಬಾರದು. ಒತ್ತಡದಲ್ಲಿ ಎಳೆದ ಗಾಳಿ ಮೇಲೇರುತ್ತ ಹಿಗ್ಗಿ ಶ್ವಾಸಕೋಶವನ್ನು ಹರಿಯುತ್ತದೆ. ತಲೆನೋವು ಬಂದರೆ ಅದು ಹಸಿವಿನದೆಂದು ತಿಳಿಯಬಾರದು. ಕೆಲಸ ನಿಲ್ಲಿಸಿ, ಶುದ್ಧ ಗಾಳಿಗೆ ಬಂದು, ಆಸ್ಪತ್ರೆಯಲ್ಲಿ ತೋರಿಸಬೇಕು. ಕೊನೆಯದಾಗಿ, ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿದ್ದುದನ್ನು ನಾನು ಅರ್ಧ ಪುಟ ಮಾಡಿದೆ: ಒಬ್ಬನು ನೀರಿನಲ್ಲಿರುವಾಗ ಇನ್ನೊಬ್ಬನು ಮೇಲೆ ಯಂತ್ರದ ಬಳಿಯಲ್ಲಿಯೇ ಇರಬೇಕು, ಹಗ್ಗವೊಂದನ್ನು ಹಿಡಿದಿರಬೇಕು, ಆಗಾಗ ಜಗ್ಗಬೇಕು, ಕೆಳಗಿನವನು ಮರುಜಗ್ಗಬೇಕು.

ಆಗಸ್ಟಿನಲ್ಲಿ ಹುಡುಗನು ಕೆಲಸಕ್ಕೆ ಮರಳಿದನು. ಗಾಳಿಯ ಬಾಯಿಗೆ ಆಳುದ್ದದ ಕೊಳವೆ ಕಟ್ಟಿ ಬಿದಿರಿಗೆ ಬಿಗಿದಿದ್ದಾರಂತೆ. ತಲೆನೋವು ಮತ್ತೆ ಬಂದಿಲ್ಲವಂತೆ. ಮಾನಾಕ್ಸೈಡನ್ನು ಅಳೆಯುವ ಮಾಪಕವನ್ನು ಕೊಡಿಸುವ ಮಾತು ಇನ್ನೂ ಮಾತಾಗಿಯೇ ಇದೆ. ಮೇಲೆ ಹಗ್ಗ ಹಿಡಿದು ಕೂರಲು ಒಬ್ಬನ ಕೂಲಿ ದಂಡವೆಂದು ಗೊಣಗುವವರೂ ಇದ್ದಾರಂತೆ. ಹೊನ್ನಾಳಿಗೆ ಹೋದಾಗಲೆಲ್ಲ ಅಕ್ಕ ನನ್ನನ್ನು ಕೇಳುವುದು ಆ ಕೂಲಿಯ ವಿಚಾರವನ್ನೇ. ಹಗ್ಗ ಹಿಡಿಯಲು ಜನವಿದ್ದಾರೆಯೆ ಎಂದು. ಹಾಲ್ಡೇನರ ಹೆಸರು ಅವಳಿಗೆ ತಿಳಿಯದು. ಹಗೇವಿನ ಬಾಯಲ್ಲಿ ಬಗ್ಗಿ ನಿಂತು, ಒಳಗಿನವನ ಹೆಸರು ಹಿಡಿದು ಕೂಗಿ, ಉತ್ತರಕ್ಕಾಗಿ ಕಾಯುತ್ತಿದ್ದ ಅಜ್ಜನನ್ನು ಮಾತ್ರ ಅವಳು ನನಗಿಂತ ಚೆನ್ನಾಗಿ ಬಲ್ಲಳು.